ಮಿರ್ಟುಸ್ಸ ಊರಿನ ಮರುಸೋಲು ಹಾಗೂ ಊರ ಹೆಸರಿಗೆ ಅಂಟುವ ಲ್ಯಾಟಿನ್ ಬಾಲಗಳ ಬಗ್ಗೆ

ಮಿರ್ಟುಸ್ಸ ಪುರಸಭೆ
ಕಾರ್ಯದರ್ಶಿಯವರ ಕಚೇರಿ, ಸಂತೆಕಟ್ಟೆಯ ಪಡಸಾಲೆ

ಸುತ್ತೋಲೆ ಸಂಖ್ಯೆ: ಮಿಪು/ಸೋಲು/ಮರು/02
ದಿನಾಂಕ: ಅರ್ಚಕ ಲೈಕಿಸ್ಕೊಸ್ ಅವರ ವರ್ಷ, ಅಂಜೂರದ ತಿಂಗಳು, ಅಮಾವಾಸ್ಯೆಯ ಮರುದಿನ

ವಿಷಯ: ರೋಮಿನ ಸೇನಾಪತಿ ಶ್ರೀ ಔಲಸ್ ಪೆಡುಸಿಯಸ್ ಅವರ ಕೈಯಲ್ಲಿ ನಮ್ಮ ಊರು ಎರಡನೇ ಬಾರಿಗೆ ಸೋಲುವ ಬಗ್ಗೆ, ಸೋತ ನಂತರ ಊರ ಹೆಸರಿನಿಂದ ಹುಟ್ಟುವ ಲ್ಯಾಟಿನ್ ಹೆಸರುಗಳನ್ನು ಯಾರು, ಎಲ್ಲಿ, ಹೇಗೆ ಬಳಸಬೇಕೆಂಬ ಬಗ್ಗೆ, ಹಾಗೂ ಕೊಳಲುಗಾರ ಮಿಕೊಸ್‌ನ ಬಿಡುಗಡೆಯ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ ಮಿಪು/ಸೋಲು/01 (ಯಾರೂ ಓದಿಲ್ಲ).
2. ಸೇನಾಪತಿಯವರ ಬೈಗುಳ, ದುಭಾಷಿಯ ಮೂಲಕ.
3. ಸೇನಾಪತಿಯವರ ಬೈಗುಳ, ದುಭಾಷಿಯ ಅಗತ್ಯವಿಲ್ಲದೆ.
4. ಉಪ್ಪುಮೀನು ಮಾರುವ ಶ್ರೀಮತಿ ಪ್ರಾಕ್ಸೊ ಅವರು ಈ ಕಚೇರಿಯ ಹೊಸ್ತಿಲ ಮೇಲೆ ಕೂತು ಸಲ್ಲಿಸುತ್ತಿರುವ ಅಹವಾಲು (ಮುಂದುವರಿದಿದೆ).

ಪ್ರಸ್ತಾವನೆ

ಎಲ್ಲ ನಾಗರಿಕರಿಗೂ ಗೊತ್ತಿರುವಂತೆ, ನಮ್ಮ ಊರು ತಾತಂದಿರ ಕಾಲದಲ್ಲೇ ರೋಮಿಗೆ ಶರಣಾಗಿದ್ದು, 'ಮಿತ್ರರು' ಎಂದು ಬರೆದ ಕಂಚಿನ ಫಲಕ ಸಂತೆಯ ಗೋಡೆಯ ಮೇಲೆ ಈಗಲೂ ಇದೆ. (ಅದಕ್ಕೆ ಮೀನಿನ ಬುಟ್ಟಿ ನೇತುಹಾಕಬಾರದೆಂದು ಹಿಂದೆಯೇ ಸೂಚಿಸಲಾಗಿದೆ.) ನಮಗೆ ಯಾರ ಮೇಲೂ ಹಗೆಯಿಲ್ಲ. ಊರ ಕೋಟೆಗೋಡೆಯನ್ನು ಅಂಜೂರ ಒಣಹಾಕಲು ಬಳಸಲಾಗುತ್ತಿದೆ.

ಹೀಗಿರುವಾಗ ಶ್ರೀ ಔಲಸ್ ಅವರು ದಂಡು ಕಟ್ಟಿಕೊಂಡು ಬಂದು ಜೌಗಿನ ಪಕ್ಕ ಬಿಡಾರ ಹೂಡಿದ್ದಕ್ಕೆ ಕಾರಣ ಇಷ್ಟೇ. ಅವರ ಹೆಂಡತಿಯ ಅಣ್ಣ ಯಾವುದೋ ದ್ವೀಪವನ್ನು ಗೆದ್ದು, ಆ ದ್ವೀಪದ ಹೆಸರಿಗೊಂದು ಲ್ಯಾಟಿನ್ ಬಾಲ ಅಂಟಿಸಿ, ಅದನ್ನು ತನ್ನ ಹೆಸರಿನ ಹಿಂದೆ ಕಟ್ಟಿಕೊಂಡಿದ್ದಾನೆ. ರೋಮಿನಲ್ಲಿ ಅದು ಪದ್ಧತಿ. ಸೋತ ಊರು ಗೆದ್ದವನ ಹೆಸರಾಗುತ್ತದೆ. ಈಗ ಯಾವ ಔತಣಕ್ಕೆ ಹೋದರೂ ಬಾಗಿಲಲ್ಲಿ ನಿಂತ ಆಳು ಭಾವನ ಹೆಸರನ್ನು ಉಸಿರು ಕಟ್ಟುವವರೆಗೆ ಕೂಗುತ್ತಾನೆ, ಇವರದನ್ನು ಕೆಮ್ಮಿದಂತೆ ಹೇಳಿ ಮುಗಿಸುತ್ತಾನೆ. ಸೇನಾಪತಿಯವರ ಹೊಟ್ಟೆಯುರಿ ಇದು. ದೊಡ್ಡ ಊರುಗಳೆಲ್ಲ ಈಗಾಗಲೇ ಯಾರ್ಯಾರದೋ ಹೆಸರಾಗಿ ಹೋಗಿವೆ. ಉಳಿದದ್ದು ನಾವು.

ಒಂದು ಸಣ್ಣ ಸೋಲು ಕೊಟ್ಟರೆ ಬಾಲ ಕಟ್ಟಿಕೊಂಡು ಹೊರಡುತ್ತೇನೆ, ಇಲ್ಲವಾದರೆ ಚಳಿಗಾಲ ಪೂರ್ತಿ ನನ್ನ ಸಿಪಾಯಿಗಳು ನಿಮ್ಮ ಮನೆಗಳಲ್ಲೇ ಮಲಗುತ್ತಾರೆ ಎಂದು ಅವರು ತಿಳಿಸಿದ ಮೇರೆಗೆ, ಪುರಸಭೆಯು ಕೈಯೆತ್ತಿ ಸೋಲಲು ಒಪ್ಪಿತು. ಸೋಲುವುದು ಇಷ್ಟು ಕಷ್ಟದ ಕೆಲಸ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

1. ಮೊದಲ ಸೋಲು ಕೆಟ್ಟ ಬಗ್ಗೆ

ನಮ್ಮ ಊರಿನಲ್ಲಿ ಮೇಲ್ಕೇರಿ-ಕೆಳಕೇರಿ ಪಂದ್ಯವಾಗದೆ ಯಾವ ಕೆಲಸವೂ ನಡೆದ ದಾಖಲೆಯಿಲ್ಲ. ಪಂಜಿನ ಓಟ ಬಿಡಿ, ಮೇಳದ ಹಾಡು ಬಿಡಿ, ಹೆಣ ಹೊತ್ತು ಹೋಗುವಾಗಲೂ ಯಾವ ಕೇರಿ ಮೊದಲು ಮುಟ್ಟಿತು ಎಂದು ನೋಡುವ ಜನ ನಾವು. ಆದ್ದರಿಂದ, ಚೆನ್ನಾಗಿ ಓಡಿಹೋದ ಕೇರಿಗೆ ಎಲೆಯ ಕಿರೀಟ ಎಂದು ಸಭೆ ಘೋಷಿಸಿತು. ಬೇಡ ಎಂದು ಈ ಕಚೇರಿ ಹೇಳಿತ್ತು. ಕೇಳುವವರು ಯಾರು?

ನಿಗದಿಯಾದ ಬೆಳಿಗ್ಗೆ, ಕಹಳೆ ಊದುವ ಮೊದಲೇ ಕೆಳಕೇರಿಯವರು ಓಡಿದರು. ಓಟದ ಕಣದ ನಿಯಮದಂತೆ, ಮೊದಲೇ ಹೊರಟವರನ್ನು ತೀರ್ಪುಗಾರರು ಕೂಗಿ ವಾಪಸ್ ಕರೆದು, ಬೆತ್ತದಿಂದ ಎರಡು ಬಿಗಿದು, ಮತ್ತೆ ಗೆರೆಯ ಮೇಲೆ ನಿಲ್ಲಿಸತಕ್ಕದ್ದು. ತೀರ್ಪುಗಾರರಾದ ಗರಡಿ ಮನೆಯ ಶ್ರೀ ಥ್ರಾಸೊನ್ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಬೆತ್ತ ಎತ್ತಿ ಕೂಗಿದರು. ತಡವಾಗಿ ಬಂದವನಿಗೆ ಪೆಟ್ಟು ಜಾಸ್ತಿ ಎಂದು ಹೆದರಿದ ಇಡೀ ಕೆಳಕೇರಿ ತಿರುಗಿ ಗೆರೆಯ ಕಡೆಗೆ ಎದ್ದೆನೋ ಬಿದ್ದೆನೋ ಎಂದು ನುಗ್ಗಿತು. ಗೆರೆಯ ಆಚೆ ನಿಂತಿದ್ದದ್ದು ರೋಮಿನ ದಂಡು. ಕೆಳಕೇರಿ ಏನೋ ಹೊಸ ಉಪಾಯ ಹೂಡಿದೆ ಎಂದುಕೊಂಡ ಮೇಲ್ಕೇರಿಯವರು ತಾವೇಕೆ ಹಿಂದೆ ಬೀಳಬೇಕೆಂದು ಇನ್ನೂ ಜೋರಾಗಿ ನುಗ್ಗಿದರು. ರೋಮಿನವರು ದಾಳಿಯೆಂದು ಹೆದರಿ ಜೌಗಿಗೆ ಬಿದ್ದರು. ಸೇನಾಪತಿಯವರು ಸೊಂಟದವರೆಗೆ ಕೆಸರಿನಲ್ಲಿ ನಿಂತು ಆಡಿದ ಮಾತುಗಳೇ ಉಲ್ಲೇಖ 3.

ಸದರಿ ಘಟನೆಯನ್ನು 'ಗೆಲುವು' ಎಂದು ಕರೆಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಕಡತದಲ್ಲಿ ಅದು 'ತಾಂತ್ರಿಕ ಕಾರಣಗಳಿಂದ ಮುಂದೂಡಲ್ಪಟ್ಟ ಸೋಲು'.

ನಮ್ಮ ಕಡೆಯಿಂದ ಸೆರೆಸಿಕ್ಕವನು ಒಬ್ಬನೇ, ಜೋಡಿಕೊಳಲು ನುಡಿಸುವ ಮಿಕೊಸ್. ಓಟಕ್ಕೆ ಲಯ ಹಿಡಿದು ಊದಲು ಅವನನ್ನು ನೇಮಿಸಲಾಗಿತ್ತು. ಎಲ್ಲ ಮುಗಿದ ಮೇಲೆ, ಯಾವನೋ ಸಿಪಾಯಿಯ ಶಿರಸ್ತ್ರಾಣ ಕೆಸರಿನಲ್ಲಿ ಬಿದ್ದಿರುವುದನ್ನು ಕಂಡು, 'ಅಯ್ಯೋ ಪಾಪ, ಹುಡುಕ್ತಾ ಇರ್ತಾನೆ' ಎಂದು ತೊಳೆದು, ಒರೆಸಿ, ಬಿಡಾರಕ್ಕೆ ಕೊಟ್ಟುಬರಲು ಹೋದ. ಅವರು ಶಿರಸ್ತ್ರಾಣವನ್ನೂ ಇಟ್ಟುಕೊಂಡರು, ಅವನನ್ನೂ ಇಟ್ಟುಕೊಂಡರು. ಊರು ನಾಳೆ ಬೆಳಿಗ್ಗೆ ಸರಿಯಾಗಿ ಸೋತರೆ ಅವನು ಮನೆಗೆ ಬರುತ್ತಾನೆ, ಸೋಲದಿದ್ದರೆ ಸರಪಳಿಯಲ್ಲಿ ರೋಮಿನ ಹಡಗು ಹತ್ತುತ್ತಾನೆ. ನಾಳೆಯ ಕಾರ್ಯಕ್ರಮದ ಉದ್ದೇಶ ಇದೊಂದೇ ಎಂಬುದನ್ನು ಕಿರೀಟದ ಆಸೆಯಿರುವವರು ದಯವಿಟ್ಟು ತಲೆಗೆ ಹಾಕಿಕೊಳ್ಳತಕ್ಕದ್ದು.

2. ಲ್ಯಾಟಿನ್ ಬಾಲಗಳು

ಮರುಸೋಲಿನ ನಂತರ ನಮ್ಮ ಊರ ಹೆಸರಿನಿಂದ ಕೆಳಕಂಡ ಹೆಸರುಗಳು ಹುಟ್ಟುವುದರಿಂದ, ಬಳಕೆಯಲ್ಲಿ ಗೊಂದಲವಾಗದಂತೆ ಈ ಮುಂದಿನಂತೆ ಆದೇಶಿಸಲಾಗಿದೆ.

(ಅ) ಮಿರ್ಟುಸಿಕಸ್. ಇದು ಊರನ್ನು ಸೋಲಿಸಿದವನ ಬಾಲ. ಶ್ರೀ ಔಲಸ್ ಅವರಿಗೆ ಮಾತ್ರ ಮೀಸಲು. ಅವರು ಎದುರಾದಾಗ ಪೂರ್ತಿ ಹೆಸರು ಹೇಳಿ, ಬಾಲದ ಮೇಲೆ ಸ್ವಲ್ಪ ನಿಂತು, ಆಮೇಲೆ ದಾರಿ ಬಿಡತಕ್ಕದ್ದು. ಈ ಬಗ್ಗೆ ಕೆಳಕೇರಿಯ ಚರ್ಮ ಹದಮಾಡುವ ಶ್ರೀ ಬಿಟೊನ್ ಸಲ್ಲಿಸಿದ ಆಕ್ಷೇಪಣೆ: "ನಮ್ಮೂರ ಹೆಸ್ರು ಅವನ ಹಿಂದೆ ಯಾಕ್ರೀ ಹೋಗ್ಬೇಕು? ಬೇಕಾದ್ರೆ ಅವನ ಹೆಸ್ರು ನಮ್ಮೂರಲ್ಲಿ ಇರ್ಲಿ. ನಮ್ಮನೆ ನಾಯಿಗೆ ಇನ್ನೂ ಹೆಸ್ರಿಟ್ಟಿಲ್ಲ." ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ನಾಯಿಯ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

(ಆ) ಮಿರ್ಟುಸೆನ್ಸಿಸ್. ಇದು ಸರಕಿನ ಬಾಲ. ನಮ್ಮ ಮೇಕೆಹಾಲಿನ ಗಿಣ್ಣು, ಹಗ್ಗ, ಒಣ ಅಂಜೂರ, ಹದಮಾಡಿದ ಚರ್ಮ ಇವಕ್ಕೆ ಅನ್ವಯಿಸುತ್ತದೆ. ಸೇನಾಪತಿಯ ಬಾಲ ಗಿಣ್ಣಿಗೂ, ಗಿಣ್ಣಿನ ಬಾಲ ಸೇನಾಪತಿಗೂ ಹೋಗದಂತೆ ವ್ಯಾಪಾರಿಗಳು ಎಚ್ಚರ ವಹಿಸತಕ್ಕದ್ದು. ಅನುಮಾನ ಬಂದಲ್ಲಿ ಮೂಸಿ ನೋಡಿ ನಿರ್ಧರಿಸತಕ್ಕದ್ದು. ಆದರೂ ಅನುಮಾನ ಉಳಿದರೆ ಗಿಣ್ಣು ಎಂದೇ ಭಾವಿಸತಕ್ಕದ್ದು, ಏಕೆಂದರೆ ಅದರ ಹೆಸರು ನಮಗೆ ಮೊದಲಿನಿಂದ ಅನ್ನ ಹಾಕಿದೆ.

(ಇ) ಮಿರ್ಟುಸಾನಸ್. ಹೊರಗಿನಿಂದ ಬಂದು ಇಲ್ಲಿ ಜಮೀನು ಮಾಡಿದವರ ಬಾಲ. ಅಂಥವರು ಊರಿನಲ್ಲಿ ಒಬ್ಬರೇ, ರೋಮಿನಿಂದ ಬಂದ ಎಣ್ಣೆ ವ್ಯಾಪಾರಿ ಶ್ರೀ ನ್ಯೂಮೆರಿಯಸ್. ಬೇಕೇ ಎಂದು ಕೇಳಲಾಯಿತು. "ನಿಮ್ಮೂರಿನ ಹೆಸ್ರು ಹಾಕ್ಕೊಂಡು ನಾನು ಯಾವ ಮುಖ ಹೊತ್ಕೊಂಡು ಊರಿಗೆ ಹೋಗ್ಲಿ?" ಎಂದು ಉತ್ತರಿಸಿದ್ದಾರೆ. ಬಾಲವನ್ನು ಉಗ್ರಾಣದಲ್ಲಿ ಇರಿಸಲಾಗಿದೆ.

ಬಾಲಗಳ ಉಚ್ಚಾರಣೆಯ ತಾಲೀಮನ್ನು ನಿನ್ನೆ ಸಂಜೆ ನಾಟಕದ ಬಯಲಿನಲ್ಲಿ ಏರ್ಪಡಿಸಲಾಗಿತ್ತು. ಮೇಲ್ಕೇರಿಯವರು 'ಮಿರ್ಟುಸಿಕಸ್' ಎಂದು ಕೂಗಿದರೆ ಕೆಳಕೇರಿಯವರು ಅದಕ್ಕಿಂತ ಜೋರಾಗಿ, ಮೇಲ್ಕೇರಿಯವರು ಅದಕ್ಕೂ ಜೋರಾಗಿ ಕೂಗಿ, ಕೊನೆಗೆ ಎರಡು ಕಡೆಯೂ ಗಂಟಲು ಕಟ್ಟಿ ಕೂತಿದ್ದಾರೆ. ನಾಳೆ ಜಯಘೋಷ ಯಾರು ಮಾಡಬೇಕೋ ಕಾಣೆ. ಬಿಸಿನೀರಿಗೆ ಜೇನು ಹಾಕಿ ಕುಡಿಯುವಂತೆ ಸೂಚಿಸಲಾಗಿದೆ.

3. ಸೋಲಿನ ಪೂರ್ವಸಿದ್ಧತೆ

ರೋಮಿನವರು ಜೌಗಿನಲ್ಲಿ ಬಿಟ್ಟುಹೋದ ಗುರಾಣಿಗಳನ್ನೆಲ್ಲ ಅಭ್ಯಾಸಬಲದಿಂದ ಆಲಿವ್ ಮರಕ್ಕೆ ಕಟ್ಟಿ ವಿಜಯಸ್ತಂಭ ಮಾಡಿದ್ದು, ಇದನ್ನು ಮಾಡಿದವರು ಯಾರು ಎಂದರೆ ಎಲ್ಲರೂ ಆಕಾಶ ನೋಡುತ್ತಿದ್ದಾರೆ. ಇಂದು ರಾತ್ರಿಯೊಳಗೆ ಬಿಚ್ಚತಕ್ಕದ್ದು. ಗುರಾಣಿಗಳನ್ನು ಉಜ್ಜಿ ಬಿಡಾರದ ಮುಂದೆ ಇಟ್ಟು, ಬಾಗಿಲು ತಟ್ಟದೆ ಬರತಕ್ಕದ್ದು. ವಾಪಸ್ ಕೊಡಲು ಒಳಗೆ ಹೋದರೆ ಏನಾಗುತ್ತದೆ ಎಂಬುದು ಮಿಕೊಸ್ ವಿಷಯದಲ್ಲಿ ನೋಡಿದ್ದಾಗಿದೆ. ಒಂದು ಗುರಾಣಿಯಲ್ಲಿ ಯಾರೋ ಮೀನು ಹುರಿದಿರುವುದು ವಾಸನೆಯಿಂದ ಪತ್ತೆಯಾಗಿದ್ದು, ಅದನ್ನು ಬೂದಿ ಹಾಕಿ ಉಜ್ಜತಕ್ಕದ್ದು.

ಗೆಲುವಿನ ಹಾಡು ಕಟ್ಟಿದವರು ರಾಗವನ್ನು ಹಾಗೇ ಇಟ್ಟುಕೊಂಡು ಮಾತು ಬದಲಾಯಿಸತಕ್ಕದ್ದು. 'ಓಡಿಸಿದೆವು' ಎಂದಿರುವಲ್ಲೆಲ್ಲ 'ಓಡಿದೆವು' ಎಂದು ಹಾಡಿದರೆ ಸಾಕು.

4. ಓಡುವ ವಿಧಾನ

ಕಹಳೆ ಊದಿದ ಮೇಲೆಯೇ ಓಡತಕ್ಕದ್ದು. ಮೊದಲೇ ಓಡಿದರೂ ಪರವಾಗಿಲ್ಲ, ಆದರೆ ವಾಪಸ್ ಬರಕೂಡದು. ಯಾರೇ ಕೂಗಲಿ, ಎಷ್ಟೇ ಕೂಗಲಿ, ಅವ್ವನೇ ಕೂಗಲಿ, ತಿರುಗಬಾರದು. ಓಡುವಾಗ ಪಕ್ಕದ ಕೇರಿಯವರು ಎಲ್ಲಿದ್ದಾರೆ ಎಂದು ಕಣ್ಣು ಹಾಯಿಸಬಾರದು. ಕಿರೀಟವನ್ನು ರದ್ದುಪಡಿಸಲಾಗಿದೆ. 'ಸುಮ್ಮನೆ ಗೌರವಕ್ಕಾಗಿ' ಒಂದು ಚಿಕ್ಕ ಕಿರೀಟ ಇರಲಿ ಎಂದು ಎರಡೂ ಕೇರಿಗಳಿಂದ ಬಂದ ಮನವಿಯನ್ನು ಹರಿದು ಹಾಕಲಾಗಿದೆ.

ತೀರ್ಪುಗಾರ ಶ್ರೀ ಥ್ರಾಸೊನ್ ಅವರನ್ನು ನಾಳೆ ನಸುಕಿನಿಂದ ಸ್ನಾನದ ಮನೆಯಲ್ಲಿ ಕೂಡಿಹಾಕಲಾಗುವುದು. ಅವರ ಹೇಳಿಕೆ: "ನಿಯಮ ಅಂದ್ರೆ ನಿಯಮ ಗುಮಾಸ್ತ್ರೇ. ಮೊದ್ಲೇ ಹೊರಟ್ರೆ ಅದು ಓಟಾನೇ ಅಲ್ಲ. ಜೀವ ಉಳಿಸ್ಕೊಳ್ಳೋಕೆ ಓಡಿದ್ರೂ ಅಷ್ಟೇ. ಇವತ್ತು ಇದನ್ನ ಬಿಟ್ರೆ ನಾಳೆ ಮಕ್ಕಳು ಏನ್ ಕಲೀತಾರೆ?" ಕಿಟಕಿಯಿರುವ ಕೋಣೆ ಬೇಕೆಂದು ಕೇಳಿದ್ದು, ಕೊಡಲಾಗಿದೆ. ಕಿಟಕಿ ಹಿತ್ತಿಲ ಕಡೆಗಿದೆ.

ಮಂಡಿ ನೋವಿನವರು, ಗರ್ಭಿಣಿಯರು ಹಾಗೂ ತುಂಬಾ ಉಂಡವರು ಓಡುವುದರಿಂದ ವಿನಾಯಿತಿ ಪಡೆದಿದ್ದು, ಅವರು ಇದ್ದಲ್ಲೇ ಬೀಳಬಹುದು.

5. ಸತ್ತವರ ಬಗ್ಗೆ

ರೋಮಿನಲ್ಲಿ ವಿಜಯದ ಮೆರವಣಿಗೆ ಬೇಕೆಂದರೆ ಐದು ಸಾವಿರ ಶತ್ರುಗಳಾದರೂ ಸತ್ತಿರಬೇಕಂತೆ. ಹಸುಗೂಸುಗಳನ್ನೂ ಹೊರಗಿನಿಂದ ಬಂದ ಅಳಿಯಂದಿರನ್ನೂ ಸೇರಿಸಿದರೂ ನಮ್ಮ ಊರಿನಲ್ಲಿ ಅಷ್ಟು ಜನ ಇಲ್ಲ. ಆದ್ದರಿಂದ ಸ್ಮಶಾನದ ಕಲ್ಲುಗಳ ಮೇಲಿರುವ ಹೆಸರುಗಳನ್ನು ಎರವಲು ಪಡೆದು, ಅವರೆಲ್ಲ ನಾಳೆ ಬೆಳಿಗ್ಗೆ ಸತ್ತರೆಂದು 'ಸೇನಾಪತಿಯವರ ವರದಿ'ಗೆ ಒದಗಿಸಲು ತೀರ್ಮಾನಿಸಲಾಗಿದೆ. ಕಡಿಮೆ ಬಿದ್ದ ಪಾಲಿಗೆ ಮೇಕೆಗಳನ್ನು ಕುದುರೆ ದಳವೆಂದು ತೋರಿಸಲಾಗುವುದು.

ಇದಕ್ಕೂ ಆಕ್ಷೇಪಣೆ! "ನಮ್ಮಜ್ಜ ಹಾಸಿಗೇಲಿ, ಬಿಸಿ ಬೇಳೆಗಂಜಿ ಕುಡಿದು, ನಗ್ತಾ ನಗ್ತಾ ಸತ್ತವ್ರು. ಅವ್ರು ಓಡ್ತಾ ಬೆನ್ನಿಗೆ ಏಟು ತಿಂದು ಸತ್ರು ಅಂತ ಬರೆದ್ರೆ ಸುಮ್ನಿರಲ್ಲ" ಎಂದು ಮೇಲ್ಕೇರಿಯ ಒಂದು ಮನೆತನ ದೂರು ಕೊಟ್ಟಿದೆ. ಕೂಡಲೇ ಕೆಳಕೇರಿಯಿಂದ, ನಮ್ಮ ಅಜ್ಜಂದಿರಿಗೂ ಎದೆಗೇ ಏಟು ಬೀಳಬೇಕು ಎಂಬ ಬೇಡಿಕೆ. ಹೋಗಲಿ ಎಂದು ಎಲ್ಲ ಅಜ್ಜಂದಿರಿಗೂ ಎದೆಯ ಏಟನ್ನು ಮಂಜೂರು ಮಾಡಲಾಗಿದೆ. ಮೇಕೆಗಳಿಗೆ ಮಾತ್ರ ಬೆನ್ನಿನ ಏಟು.

6. ಗೋಳಾಟ

ಹೆಂಗಸರು ಗೋಡೆಯ ಮೇಲೆ ನಿಂತು ಕೂದಲು ಬಿಚ್ಚಿಕೊಂಡು ಗೋಳಾಡತಕ್ಕದ್ದು. ಅಂಜೂರಗಳನ್ನು ಒಂದು ಪಕ್ಕಕ್ಕೆ ಸರಿಸಿಕೊಳ್ಳತಕ್ಕದ್ದು. ಗೋಳಾಟವು ಸೋಲಿನ ನಂತರ ಶುರುವಾಗಬೇಕೇ ಹೊರತು ಮೊದಲೇ ಅಲ್ಲ.

ಈ ಅಂಶವನ್ನು ಓದಿ ಹೇಳಿದಾಗ ಶ್ರೀಮತಿ ಪ್ರಾಕ್ಸೊ ಅವರು ಹೊಸ್ತಿಲ ಮೇಲಿನಿಂದಲೇ ಹೇಳಿದ್ದು: "ಲೋ, ನನ್ನ ಮಗ ಅಲ್ಲಿ ಹಗ್ಗದಲ್ಲಿ ಕಟ್ಟಿಸ್ಕೊಂಡು ಕೂತಿದಾನೆ. ನಾನು ಯಾವಾಗ ಅಳ್ಬೇಕು ಅಂತ ನೀನು ಹೊತ್ತು ಇಡ್ತೀಯಾ? ಮೂರು ಹೊತ್ತೂ ಬುಟ್ಟಿ ಹೊತ್ಕೊಂಡು ಬಿಡಾರದ ಬಾಗಿಲಿಗೆ ಹೋಗಿದೀನಿ. ಆ ಕೆಂಪು ಮುಖದವನು ಮೀನು ತಗೊಂಡ, ಮಗನ್ನ ಕೊಡ್ಲಿಲ್ಲ. ನೀನಿಲ್ಲಿ ಬಾಲ ಬರೀತಾ ಕೂತಿದೀಯ. ಬರಿ, ಬರಿ. ನಿನ್ನ ಕೈಲಿ ಇನ್ನೇನಾಗತ್ತೆ?"

ಸದರಿ ಅಹವಾಲುದಾರರು ಈ ಕಚೇರಿಯ ಕಾರ್ಯದರ್ಶಿಯ ತಾಯಿ. ಮಿಕೊಸ್ ಅವರ ಕಿರಿಯ ಮಗ, ಕಾರ್ಯದರ್ಶಿ ಹಿರಿಯ ಮಗ. ಈ ಸಂಬಂಧದಿಂದ ಕಚೇರಿಯ ಕೆಲಸಕ್ಕೆ ಧಕ್ಕೆಯಾಗಿಲ್ಲವೆಂದು ಪ್ರಮಾಣೀಕರಿಸಲಾಗಿದೆ. ಊಟ ಸೇರುತ್ತಿಲ್ಲ, ಅಷ್ಟೇ.

7. ರಾಜನ ಹುದ್ದೆ ಭರ್ತಿ ಮಾಡುವ ಬಗ್ಗೆ

ಇಂದು ಬೆಳಿಗ್ಗೆ ಬಿಡಾರದಿಂದ ಹೊಸ ಸುದ್ದಿ ಬಂದಿದೆ. ಸೇನಾಪತಿಯವರು ಮೊದಲ ಸೋಲಿನ ಹಿಂದಿನ ದಿನವೇ, ಹೇಗೂ ಗೆಲ್ಲುತ್ತೇನೆಂದು, ರೋಮಿನ ಹಿರಿಯರ ಸಭೆಗೆ ಓಲೆ ಕಳಿಸಿಬಿಟ್ಟಿದ್ದಾರೆ. ಅದರಲ್ಲಿ 'ಅವರ ರಾಜನನ್ನು ಸೆರೆಹಿಡಿದಿದ್ದೇನೆ' ಎಂದಿದೆಯಂತೆ. ನಮ್ಮ ಊರಿನಲ್ಲಿ ಐನೂರು ವರ್ಷಗಳಿಂದ ರಾಜನಿಲ್ಲ ಎಂದು ತಿಳಿಸಲಾಯಿತು. "ಹಾಗಾದ್ರೆ ಕೊಳಲಿನವನೇ ರಾಜ" ಎಂದು ದುಭಾಷಿಯ ಮೂಲಕ ಉತ್ತರ ಬಂತು. ಬೇರೆ ರಾಜನನ್ನು ಕೊಟ್ಟರೆ ಮಿಕೊಸ್‌ನನ್ನು ಬಿಡುತ್ತಾರೆ. ಕೊಡದಿದ್ದರೆ, ನಾಳೆ ನಾವು ಎಷ್ಟೇ ಚೆನ್ನಾಗಿ ಸೋತರೂ, ಮೆರವಣಿಗೆಯಲ್ಲಿ ನಡೆಯುವವನು ಮಿಕೊಸ್.

ಆದ್ದರಿಂದ ರಾಜನ ಹುದ್ದೆಗೆ ಅರ್ಜಿ ಕರೆಯಲಾಯಿತು. ಅರ್ಹತೆ: ಗಂಡಸು, ಗಡ್ಡ ಇರಬೇಕು, ನಡೆಯಲು ಬರಬೇಕು.

ಅಬ್ಬಬ್ಬಾ, ಎಷ್ಟು ಅರ್ಜಿ! ಊರಿನಲ್ಲಿ ಇಷ್ಟು ಜನ ಒಳಗೊಳಗೇ ರಾಜರಾಗಿದ್ದರೆಂದು ಗೊತ್ತೇ ಇರಲಿಲ್ಲ. ಶ್ರೀ ಬಿಟೊನ್ ಅವರು ನೇರಳೆ ಬಣ್ಣದ ಹೊದಿಕೆಯನ್ನು ಹೊಲಿಸಲು ಹಾಕಿಯೇ ಅರ್ಜಿ ತಂದರು. ಶ್ರೀ ಥ್ರಾಸೊನ್ ಅವರು, ರಾಜನಾದರೆ ಸ್ನಾನದ ಮನೆಯಲ್ಲಿ ಕೂಡಿಹಾಕುವಂತಿಲ್ಲವಲ್ಲ ಎಂದು ವಿಚಾರಿಸಿದರು. ಮೇಲ್ಕೇರಿಗೆ ಒಬ್ಬ ಕೆಳಕೇರಿಗೆ ಒಬ್ಬ ಎಂದು ಇಬ್ಬರು ರಾಜರಿರಲಿ ಎಂಬ ಸಲಹೆ ಬಂತು. ಯಾರ ಸಿಂಹಾಸನ ಎತ್ತರ ಎಂಬಲ್ಲಿಗೆ ಹೊಡೆದಾಟವೂ ಆಯಿತು.

ಆಗ ಎಣ್ಣೆ ವ್ಯಾಪಾರಿ ಶ್ರೀ ನ್ಯೂಮೆರಿಯಸ್ ಎದ್ದು ನಿಂತು, ಮೆರವಣಿಗೆ ಮುಗಿದ ಮೇಲೆ ರಾಜನನ್ನು ಗುಡ್ಡದ ಕೆಳಗಿನ ಗವಿಗೆ ಇಳಿಸುತ್ತಾರೆ ಎಂದರು. ಆಮೇಲೆ ಏನು ಎಂದು ಯಾರೋ ಕೇಳಿದರು. ಅವರು ಕತ್ತಿನ ಸುತ್ತ ಬೆರಳು ಆಡಿಸಿ ತೋರಿಸಿದರು.

ಅರ್ಜಿ ವಾಪಸ್ ಪಡೆಯಲು ಸಂಜೆಯವರೆಗೆ ಕಾಲಾವಕಾಶ ಕೊಡಲಾಗಿತ್ತು. ಯಾರಿಗೂ ಅಷ್ಟು ಹೊತ್ತು ಬೇಕಾಗಲಿಲ್ಲ. ಬಂದ ಕಾರಣಗಳನ್ನು ದಾಖಲಿಸಲಾಗಿದೆ. ಬಿಟೊನ್: "ಗಡ್ಡ ನಂದೇ, ಆದ್ರೆ ಈಗ ಬೋಳಿಸ್ಬೇಕು ಅಂತಿದೀನಿ. ಹೆಂಡ್ತಿಗೆ ಚುಚ್ಚುತ್ತಂತೆ." ಥ್ರಾಸೊನ್: "ನಮ್ಮ ಹಿರಿಯರು ರಾಜರನ್ನ ಓಡಿಸಿದವ್ರು. ಜನರ ಆಡಳಿತ ಅಂದ್ರೆ ನನಗೆ ಪ್ರಾಣ." ಉಳಿದವರ ಗಡ್ಡಗಳೂ ಇದೇ ಮಧ್ಯಾಹ್ನ ಕಾಣೆಯಾದವು. ಕ್ಷೌರಿಕನ ಅಂಗಡಿಯ ಮುಂದೆ ಸಾಲು ನಿಂತದ್ದನ್ನು ಈ ಕಚೇರಿ ಕಣ್ಣಾರೆ ನೋಡಿದೆ. ಅಲ್ಲಿಯೂ ಮೇಲ್ಕೇರಿ ಮೊದಲೋ ಕೆಳಕೇರಿ ಮೊದಲೋ ಎಂದು ತಳ್ಳಾಟ. ಮಾನಗೆಟ್ಟವರೇ, ಅವನು ನಿಮ್ಮ ಎಲ್ಲರ ಮದುವೆಗೂ ಊದಿದ್ದಾನೆ.

ಮೇಲಿನ ವಾಕ್ಯವನ್ನು ಕಡತದಿಂದ ತೆಗೆಯುವಂತೆ ಸಭಾಧ್ಯಕ್ಷರು ಸೂಚಿಸಿದ್ದಾರೆ. ತೆಗೆಯಲಾಗಿಲ್ಲ.

8. ಅಂತಿಮ ಆದೇಶ

ಇಲ್ಲಿಯವರೆಗೆ 'ಸೂಚಿಸಲಾಗಿದೆ', 'ತೀರ್ಮಾನಿಸಲಾಗಿದೆ', 'ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದದ್ದಾಯಿತು. ಸೂಚಿಸಿದವರು ಯಾರು, ಕೈಗೊಳ್ಳುವವರು ಯಾರು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕಚೇರಿ ನಡೆಯುವುದೇ ಹಾಗೆ. ಆದರೆ 'ರಾಜನನ್ನು ಕಳುಹಿಸಿಕೊಡಲಾಗುವುದು' ಎಂದು ಬರೆದು ಕೂತರೆ ಯಾರೂ ಹೋಗುವುದಿಲ್ಲ.

ನಾನು ಹೋಗುತ್ತೇನೆ.

ಸಂಜೆ ಬಿಡಾರಕ್ಕೆ ಹೋಗಿ ಬಂದೆ. ಸೇನಾಪತಿಯವರು ಉಣ್ಣುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಡ್ಡ ಇದೆ. ಬೆನ್ನು ಸ್ವಲ್ಪ ಬಾಗಿದೆ. ಸೋತ ರಾಜ ಅಂದ್ರೆ ಹೀಗೇ ಇರ್ತಾನೆ, ನಡೀಲಿ" ಎಂದರು. ಬರೆದು ಬರೆದು ಬಾಗಿದ ಬೆನ್ನು ಎಂದು ಹೇಳಲಿಲ್ಲ. ಮಿಕೊಸ್ ಮೂಲೆಯಲ್ಲಿ ಸಿಪಾಯಿಗಳಿಗೆ ಮದುವೆ ಹಾಡು ಊದುತ್ತಿದ್ದ. ಅವನಿಗೆ ಏನೂ ಗೊತ್ತಿಲ್ಲ. "ಅಣ್ಣಾ, ಇವ್ರು ಒಳ್ಳೇ ಜನ ಕಣೋ, ಶಿರಸ್ತ್ರಾಣದವನು ನಂಗೆ ದ್ರಾಕ್ಷಾರಸ ಕೊಟ್ಟ" ಅಂದ. ಇವನಂಥ ದಡ್ಡನನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಅವನು ನಡೆಯಲು ಕಲಿತದ್ದು ನನ್ನ ಬೆರಳು ಹಿಡಿದು.

ನನಗೆ ಭಯವಾಗಿದೆ. ಇದನ್ನು ಬರೆಯಲು ಕಚೇರಿಯ ಭಾಷೆಯಲ್ಲಿ ಮಾತು ಹುಡುಕಿದೆ, ಸಿಗಲಿಲ್ಲ.

ಶ್ರೀ ನ್ಯೂಮೆರಿಯಸ್ ಅವರು ನನ್ನನ್ನು ಪಕ್ಕಕ್ಕೆ ಕರೆದು, ಸಣ್ಣ ಊರುಗಳ ರಾಜರನ್ನು ಕೆಲವು ಸಲ ಉಳಿಸುತ್ತಾರೆ ಎಂದರು. ಕೊಲ್ಲುವುದಕ್ಕೂ ಒಂದು ಅಂತಸ್ತು ಬೇಕಂತೆ. ಹಾಗೆ ಉಳಿದವರನ್ನು ಯಾವುದಾದರೂ ಮನೆಗೆ ಮಾರುತ್ತಾರೆ. ಅಲ್ಲಿ ಆಳುಗಳನ್ನು ಅವರ ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಯಾವ ಊರಿನಿಂದ ತಂದರೋ ಆ ಊರಿಗೆ ಒಂದು ಬಾಲ ಹಚ್ಚಿ ಕೂಗುತ್ತಾರೆ. ನಮ್ಮ ಊರಿಗಾದರೆ ಆ ಬಾಲ ಹಚ್ಚಿದ ಹೆಸರು 'ಮಿರ್ಟುಸೇಯಸ್' ಎಂದಾಗುತ್ತದಂತೆ. ಎರಡು ಸಲ ಹೇಳಿಸಿಕೊಂಡು ಕಲಿತೆ.

ನಾಳೆ ಬೆಳಿಗ್ಗೆ ನನ್ನನ್ನು ಹಿಡಿದುಕೊಂಡು ಹೋಗುವಾಗ ಯಾರೂ ಬಿಡಿಸಲು ಬರಬಾರದು. ಬರುವುದಿಲ್ಲವೆಂದು ಗೊತ್ತು, ಆದರೂ ನಮ್ಮ ಜನರನ್ನು ನಂಬುವಂತಿಲ್ಲ. ಒಂದು ಕೇರಿಯವರು ಬಂದರೆ ಇನ್ನೊಂದು ಕೇರಿಯವರೂ ಬರುತ್ತಾರೆ, ಮತ್ತೆ ಗೆದ್ದುಬಿಡುತ್ತೀರಿ. ಕೈಮುಗಿದು ಕೇಳುತ್ತೇನೆ, ಇದೊಂದು ಸಲ ಸರಿಯಾಗಿ ಸೋಲಿ.

ಈ ಆದೇಶವು ಕಹಳೆ ಊದಿದ ಕ್ಷಣದಿಂದ ಜಾರಿಗೆ ಬರುತ್ತದೆ.

(ಸಹಿ)
ಡೈನಿಯಾಸ್
ಕಾರ್ಯದರ್ಶಿ, ಮಿರ್ಟುಸ್ಸ ಪುರಸಭೆ (ಕಹಳೆಯವರೆಗೆ)
ರಾಜ, ಮಿರ್ಟುಸ್ಸ (ಕಹಳೆಯ ನಂತರ)

ಪ್ರತಿಗಳು:

1. ಶ್ರೀ ಔಲಸ್ ಪೆಡುಸಿಯಸ್, ಸೇನಾಪತಿಯವರು, ಜೌಗಿನ ಬಿಡಾರ. ಲ್ಯಾಟಿನ್‌ನಲ್ಲಿ, 'ಮರು' ಎಂಬ ಮಾತನ್ನೂ ನಾಯಿಯ ಪ್ರಸ್ತಾಪವನ್ನೂ ಬಿಟ್ಟು.

2. ಮೇಲ್ಕೇರಿ ಮತ್ತು ಕೆಳಕೇರಿ, ಒಂದೇ ಗಳಿಗೆಯಲ್ಲಿ, ಇಬ್ಬರು ಬೇರೆ ಬೇರೆ ಜವಾನರ ಮೂಲಕ.

3. ಶ್ರೀ ಥ್ರಾಸೊನ್, ತೀರ್ಪುಗಾರರು, ಸ್ನಾನದ ಮನೆ, ಹಿತ್ತಿಲ ಕಿಟಕಿಯಿಂದ.

4. ಗಿಣ್ಣಿನ ವ್ಯಾಪಾರಿಗಳು, ಮಾಹಿತಿಗಾಗಿ ಮತ್ತು ಮೂಸುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.

5. ಸ್ಮಶಾನದ ಕಾವಲುಗಾರ, ಅಲ್ಲಿರುವ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುವುದು.

6. ಮಿಕೊಸ್, ಕೊಳಲುಗಾರ, ಬಿಡಾರದಿಂದ ಹೊರಬಿದ್ದ ಮೇಲೆ. ನನ್ನ ಹಿಂದೆ ಬರಕೂಡದು. ನೇರ ಮನೆಗೆ ಹೋಗತಕ್ಕದ್ದು.

7. ಶ್ರೀಮತಿ ಪ್ರಾಕ್ಸೊ, ಈ ಕಚೇರಿಯ ಹೊಸ್ತಿಲು. ಅವರಿಗೆ ಓದು ಬಾರದ ಕಾರಣ ಯಾರಾದರೂ ಪಕ್ಕ ಕೂತು ಮೆಲ್ಲಗೆ ಹೇಳುವುದು: ಅಮ್ಮ, ಮುಂದೆ ಎಂದಾದರೂ ರೋಮಿನ ಹಡಗಿನವರು ಮೀನು ಕೊಳ್ಳಲು ಬಂದು, ಅಲ್ಲಿ ಮಿರ್ಟುಸೇಯಸ್ ಎಂಬ ಬೆನ್ನು ಬಾಗಿದ ಆಳೊಬ್ಬನನ್ನು ಕಂಡೆವು ಎಂದರೆ, ಅದು ನಾನು.